ಬಹಳ ಗೆಲುವಾಗಿದ್ದರು

ಚನ್ನರಾಯಪಟ್ಟಣದ ಪ್ರೇಮಕುಮಾರಿಯ ಅಡುಗೆಮನೆಗೆ ಕಾಲಿಟ್ಟವರು ಮೊದಲು ನಗುತ್ತಾರೆ. ಚಮಚದಿಂದ ಹಿಡಿದು ನೀರಿನ ಹಂಡೆಯವರೆಗೆ ಅಲ್ಲಿರುವ ಪಾತ್ರೆಗಳ ಮೇಲೆಲ್ಲ ಒಂದೇ ಹೆಸರು: ಪ್ರೇಮ. ಬೇರೆಯವರ ಮನೆಯಲ್ಲಾದರೆ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರುತ್ತದೆ, ಮದುವೆಯ ತಾರೀಖಿರುತ್ತದೆ, ಬೀಗರು ಕೊಟ್ಟ ಬಿಂದಿಗೆಯಾದರೆ ಅವರ ವಂಶದ ಬಡಾಯಿಯೂ ಇರುತ್ತದೆ. ಇಲ್ಲಿ ಅದೇನೂ ಇಲ್ಲ. ತಟ್ಟೆಯ ಅಂಚಿನಲ್ಲಿ ಪ್ರೇಮ, ತಿರುಗಿಸಿ ನೋಡಿದರೆ ತಳದಲ್ಲೂ ಪ್ರೇಮ.

ಕೆತ್ತಿದವನು ಅವಳ ಗಂಡ ಸಿದ್ದೇಶ್ವರ. ಪೇಟೆಯಲ್ಲಿ ಅವನದೂ ಅವನ ಅಣ್ಣ ರುದ್ರಯ್ಯನದೂ ಸೇರಿ ಒಂದು ಪಾತ್ರೆ ಅಂಗಡಿ. ವ್ಯಾಪಾರದ ಮಾತೆಲ್ಲ ಅಣ್ಣನದು, ಹೆಸರು ಕೆತ್ತುವ ಮಿಷನ್ನು ತಮ್ಮನದು. ಮಿಷನ್ನು ಗುರ್ ಎನ್ನುತ್ತಿತ್ತು, ಸಿದ್ದೇಶ್ವರ ಅಷ್ಟೂ ಅನ್ನುತ್ತಿರಲಿಲ್ಲ. ಹೆಂಡತಿಯನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ನೀರು ಬೇಕಾದರೆ ಲೋಟವನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತಿದ್ದ. ಇಂಥವನ ಜೊತೆ ಮೂರು ವರ್ಷ ಕಳೆದ ಹೆಣ್ಣಿಗೆ ತನ್ನ ಹೆಸರೇ ಮರೆತುಹೋದರೂ ಆಶ್ಚರ್ಯವಿಲ್ಲ.

ನಾಲ್ಕನೇ ವರ್ಷದ ಶ್ರಾವಣದಲ್ಲಿ ಅವನಿಗೆ ಬಾಯಿ ಬಂತು. ಎಲ್ಲಿತ್ತೋ ಅಷ್ಟು ಮಾತು! ಅಂಗಡಿಯಿಂದ ಮಲ್ಲಿಗೆ ತಂದ, ಹಾಡು ಹೇಳಿದ, ಅಮ್ಮ ದಾಕ್ಷಾಯಣಮ್ಮನ ಎದುರಿಗೇ ಹೆಂಡತಿಯ ಜಡೆ ಎಳೆದ. ಒಂದು ದಿನ ಬೆಳಗಿನ ಜಾವ ಅವಳನ್ನು ಎಬ್ಬಿಸಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಹೊಳೆನರಸೀಪುರದ ಮೇಲೆ ಗೊರೂರಿನವರೆಗೂ ಓಡಿಸಿದ. ಡ್ಯಾಮಿನ ಗೇಟು ತೆಗೆದಿದ್ದರು. ಹಾರುವ ನೀರಿನ ಎದುರು ನಿಂತು, ಜನ ತಿರುಗಿ ನೋಡುವ ಹಾಗೆ "ಪ್ರೇಮಾ" ಎಂದು ಕೂಗಿದ. ಅವಳು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುಚ್ಚಿಕೊಂಡು ಒಳಗೊಳಗೇ ಇನ್ನೊಂದು ಸಲ ಕೂಗಲಿ ಎಂದುಕೊಂಡಳು.

ಅದೇ ವಾರ ಅವನು ಮನೆಯ ಪಾತ್ರೆಯನ್ನೆಲ್ಲ ಮುಗಿಸಿ, ಅಂಗಡಿಯ ಹೊಸ ಮಾಲಿನ ಮೇಲೂ ಅವಳ ಹೆಸರು ಕೆತ್ತಿಬಿಟ್ಟ. ರುದ್ರಯ್ಯ ತಲೆ ಚಚ್ಚಿಕೊಂಡ. ಬೇರೆಯವನ ಹೆಂಡತಿಯ ಹೆಸರಿರುವ ಕುಕ್ಕರನ್ನು ಯಾರು ಕೊಂಡಾರು? ಆ ಮಾಲೆಲ್ಲ ಮನೆಗೇ ಬಂತು. ಓಣಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು, ಕೆಲವರು ಹೊಟ್ಟೆ ಉರಿದುಕೊಂಡರು. ಪ್ರೇಮಕುಮಾರಿ ಮಾತ್ರ ಪಾತ್ರೆ ತೊಳೆಯುವಾಗ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದಳು. ಅವಳ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಕಾಲ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಅವನು ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ. ದೃಷ್ಟಿಯಾಯಿತು ಎಂದು ದಾಕ್ಷಾಯಣಮ್ಮ ಮೆಣಸಿನಕಾಯಿ ನಿವಾಳಿಸಿದರು. ನಿಧಾನಕ್ಕೆ ಎದ್ದು ಅಂಗಡಿಗೆ ಹೋಗತೊಡಗಿದ, ಲೋಟ ಮುಂದಕ್ಕೆ ತಳ್ಳತೊಡಗಿದ. ಹಾಗೇ ವರ್ಷಗಳು ಉರುಳಿದವು.

ಈ ವರ್ಷ ಮತ್ತೆ ಮಲಗಿದವನು ಏಳಲೇ ಇಲ್ಲ. ಸ್ನಾನ ಬಿಟ್ಟ, ಊಟ ಬಿಟ್ಟ. ಒಂದು ಮಧ್ಯಾಹ್ನ ಕಾಣದಾದಾಗ ಪ್ರೇಮಕುಮಾರಿ ಎದ್ದುಬಿದ್ದು ಹುಡುಕಿದಳು. ಹೇಮಾವತಿ ನಾಲೆಯ ಏರಿಯ ಮೇಲೆ ಚಪ್ಪಲಿ ಬಿಟ್ಟು, ನೀರು ನೋಡುತ್ತ ಕೂತಿದ್ದ. ಅವಳು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಯವರೆಗೂ ಬಿಡದೆ ನಡೆಸಿಕೊಂಡು ಬಂದಳು.

ಹಾಸನದ ಒಬ್ಬ ಡಾಕ್ಟರಿಗೆ ತೋರಿಸಿದರು. ಅವರು ನಿದ್ದೆ ಕೇಳಿದರು, ಊಟ ಕೇಳಿದರು, ಕೊನೆಗೆ "ಇದಕ್ಕೆ ಮುಂಚೆ ಹೇಗಿದ್ದರು?" ಎಂದರು.

"ಮುಂಚೆಲ್ಲಾ ಇಂಗಿರ್ಲಿಲ್ಲ ಸಾ. ಒಂದ್ ಕಾಲ್ದಲ್ಲಿ ಬಾಳ ಗೆಲುವಾಗಿದ್ರು," ಎಂದಳು ಪ್ರೇಮಕುಮಾರಿ.

ಗೆಲುವು ಎಂದರೆ ಯಾವ ಡಾಕ್ಟರು ತಾನೇ ಪೆನ್ನು ಎತ್ತಿಯಾರು? ಖಿನ್ನತೆ ಎಂದರು, ಮಾತ್ರೆ ಕೊಟ್ಟರು. ಮಾತ್ರೆ ಕೆಲಸ ಮಾಡಿತು, ಬೇಡವೆನ್ನುವಷ್ಟು ಮಾಡಿತು. ಕೆಲವೇ ವಾರದಲ್ಲಿ ಸಿದ್ದೇಶ್ವರ ಎದ್ದು ಕೂತು "ಪ್ರೇಮಾ" ಎಂದ. ಅವಳು ಅಳುತ್ತಲೇ ಒಲೆ ಹಚ್ಚಿ ಪಾಯಸ ಮಾಡಿದಳು, ಓಣಿಗೆಲ್ಲ ಹಂಚಿದಳು. ಪಾಯಸದ ಪಾತ್ರೆ ಆರುವ ಮೊದಲೇ ಅವನು ನಿದ್ದೆ ಬಿಟ್ಟಿದ್ದ. ಅಂಗಡಿಯ ಮಾಲನ್ನು ರಸ್ತೆಗೆ ಸುರಿದು ಹೋಗಿಬರುವವರಿಗೆಲ್ಲ ಹಂಚಿದ. ತಡೆಯಲು ಬಂದ ಅಣ್ಣನಿಗೆ ಸೌಟಿನಲ್ಲಿ ಬಾರಿಸಿದ. ಮಿಷನ್ನನ್ನು ಸ್ಕೂಟರಿಗೆ ಕಟ್ಟಿಕೊಂಡು ಮಾಯವಾದ. ಸಿಕ್ಕಿದ್ದು ಜಿನನಾಥಪುರದಲ್ಲಿ. ಪುಕ್ಕಟೆ ಹೆಸರು ಹಾಕಿಕೊಡುತ್ತೇನೆಂದು ಕಂಡಕಂಡವರ ಅಡುಗೆಮನೆಗೆ ನುಗ್ಗಿದ್ದನಂತೆ. ಕಳ್ಳನೆಂದು ಹೊಡೆದು ಲೈಟುಕಂಬಕ್ಕೆ ಕಟ್ಟಿದ್ದರು. ಕಟ್ಟಿದ್ದಾಗಲೂ ಅವನು ನಗುತ್ತಿದ್ದ, ತುಟಿಯಿಂದ ರಕ್ತ ಸುರಿಯುತ್ತಿತ್ತು.

ರುದ್ರಯ್ಯ ಕೆಟ್ಟವನಲ್ಲ, ಸೋತುಹೋಗಿದ್ದ. ಹಾಸನದ ದೊಡ್ಡಾಸ್ಪತ್ರೆಗೆ ತಮ್ಮನನ್ನು ಕರೆದೊಯ್ಯುವಾಗ ಕಾರಿನಲ್ಲಿ ಪ್ರೇಮಕುಮಾರಿಗೆ ಹೇಳಿದ: "ನೋಡವ್ವಾ, ಇದೇ ಕೊನೆ. ಇನ್ನೊಂದ್ಸಲ ಇಂಗಾದ್ರೆ ಗೋಡೌನ್ನಾಗೆ ಕೂಡಾಕಿ ಬೀಗ ಜಡೀತೀನಿ. ಜನ ಉಗುದ್ರೂ ಉಗೀಲಿ."

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಉಬ್ಬರ ಇಳಿದ ಮೇಲೆ ಡಾಕ್ಟರ್ ಸ್ನೇಹಲತಾ ಗಂಡಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಸಿದ್ದೇಶ್ವರನಿಗೆ ತೂಕಡಿಕೆ. ಪ್ರೇಮಕುಮಾರಿಯ ಮಡಿಲಲ್ಲಿ ಊಟದ ಕ್ಯಾರಿಯರ್.

"ಇವರಿಗೆ ಹೀಗೆ ಅತಿ ಉತ್ಸಾಹ ಬಂದಿದ್ದು ಇದೇ ಮೊದಲ ಸಲಾನಾ?"

"ಊಂ ಮೇಡಮ್ಮೋರೆ. ಇದೇ ಮೊದ್ಲು."

"ಅವಸರ ಮಾಡಬೇಡಿ. ಇದೇ ಮೊದಲು ಅಂದ್ರೆ ಆ ಮಾತ್ರೆಯಿಂದಲೇ ಬಂದಿರಬಹುದು. ಮಾತ್ರೆ ಇಲ್ಲದೇನೂ ಹಿಂದೆ ಬಂದಿತ್ತು ಅಂದ್ರೆ ಕಾಯಿಲೆಯೇ ಬೇರೆ. ಒಂದು ಸಲ ಮೇಲಕ್ಕೆ ಏರಿಸುತ್ತೆ, ಇನ್ನೊಂದು ಸಲ ಕೆಳಗೆ ತಳ್ಳುತ್ತೆ. ಅದಕ್ಕೆ ಕೊಡೋ ಔಷಧಿನೂ ಬೇರೆ, ಬಹಳ ವರ್ಷ ಕೊಡಬೇಕು. ಈಗ ತಪ್ಪು ತಿಳ್ಕೊಂಡ್ರೆ ಇವರು ಮತ್ತೆ ನಾಲೆ ಹತ್ರ ಹೋಗಿ ಕೂರ್ತಾರೆ. ಇದನ್ನ ಯಾವ ಮಿಷನ್ನೂ ಹೇಳಲ್ಲಮ್ಮ, ನೀವೇ ಹೇಳಬೇಕು. ತುಂಬ ಖುಷಿಯಾಗಿ, ನಿದ್ದೆ ಇಲ್ಲದೆ, ಮಾತು ಜಾಸ್ತಿಯಾಗಿ... ಯಾವಾಗಲಾದರೂ?"

ಇವರು ಕೇಳುತ್ತಿರುವುದು ಯಾವ ಕಾಲವನ್ನು ಎಂದು ಪ್ರೇಮಕುಮಾರಿಗೆ ಆಗ ಗೊತ್ತಾಯಿತು. ಮಲ್ಲಿಗೆ, ಗೊರೂರು, ನೀರಿನ ಎದುರಿನ ಕೂಗು. ಇಷ್ಟು ವರ್ಷ ಯಾರೂ ಕಸಿಯದ ಹಾಗೆ ಇಟ್ಟುಕೊಂಡಿದ್ದನ್ನು ಈಗ ತನ್ನ ಕೈಯಾರೆ ಎತ್ತಿಕೊಟ್ಟು, ಇದೂ ಕಾಯಿಲೆಯೇ ಬರೆದುಕೊಳ್ಳಿ ಅನ್ನಬೇಕು. ಕೊಡದಿದ್ದರೆ ನಾಲೆ, ಇಲ್ಲವೇ ಗೋಡೌನು. ದೇವರು ಒಬ್ಬ ಹೆಂಗಸನ್ನು ಇಷ್ಟು ಇಕ್ಕಟ್ಟಿಗೆ ಸಿಕ್ಕಿಸಬಾರದಿತ್ತು.

ತೂಕಡಿಸುತ್ತಿದ್ದವನು ಕಣ್ಣು ತೆರೆದ. ಅವನಿಗೂ ಅರ್ಥವಾಗಿತ್ತು. ನಾಲಿಗೆ ದಪ್ಪವಾಗಿತ್ತು, ಮಾತು ಎಳೆದೆಳೆದು ಬಂತು.

"ಅದ್ನ ಏಳ್ಬ್ಯಾಡ ಕಣೇ ಪ್ರೇಮಾ. ಅದು ಕಾಯ್ಲೆ ಅಲ್ಲ. ಅದು... ನಾನೇ ಕಣೇ."

ಅವಳು ಅವನನ್ನು ನೋಡಲಿಲ್ಲ. ನೋಡಿದ್ದರೆ ಬಾಯಿ ಬರುತ್ತಿರಲಿಲ್ಲ. ಕ್ಯಾರಿಯರಿನ ಚಿಲಕ ಬಿಚ್ಚಿ ಡಬ್ಬಿಗಳನ್ನು ಒಂದೊಂದಾಗಿ ಡಾಕ್ಟರ ಮೇಜಿನ ಮೇಲಿಟ್ಟಳು. ಮೇಲೆ ಪ್ರೇಮ, ಪಕ್ಕದಲ್ಲಿ ಪ್ರೇಮ, ಮುಚ್ಚಳದ ಒಳಗೂ ಪ್ರೇಮ.

"ಇದು ಇವ್ರು ಕೆತ್ತಿದ್ದು. ಮದ್ವೆ ಆಗಿ ನಾಕ್ನೇ ವರ್ಷ. ಮನೇಲಿರೋ ಪಾತ್ರೆ ಅಷ್ಟ್ರ ಮ್ಯಾಲೂ ಐತೆ."

"ಆಗ ನಿದ್ದೆ ಮಾಡ್ತಿದ್ರಾ?"

"ಇಲ್ಲ."

"ಹೊರಗೆಲ್ಲಾದರೂ ಇದ್ದಕ್ಕಿದ್ದಂತೆ ಹೊರಟಿದ್ದುಂಟಾ?"

"ಗೊರೂರಿಗೆ. ಬೆಳಗಿನ್ ಜಾವ ಎದ್ದು. ನನ್ನೂ ಕರ್ಕೊಂಡೋಗಿದ್ರು."

"ಅಲ್ಲಿ ಏನು ಮಾಡಿದರು?"

"ಕೂಗಿದ್ರು."

"ಏನಂತ?"

ಅವಳು ಡಬ್ಬಿಯ ಕಡೆ ಕೈ ತೋರಿಸಿದಳು. ಡಾಕ್ಟರ್ ಬರೆದುಕೊಂಡರು. ಅವರು ಕೇಳುತ್ತ ಹೋದರು, ಇವಳು ಕೊಡುತ್ತ ಹೋದಳು. ಮಲ್ಲಿಗೆಯನ್ನು ಕೊಟ್ಟಳು, ಹಾಡನ್ನು ಕೊಟ್ಟಳು, ಎಳೆದ ಜಡೆಯನ್ನೂ ಕೊಟ್ಟಳು. ಏನನ್ನೂ ಮುಚ್ಚಿಡಲಿಲ್ಲ. ಸಿದ್ದೇಶ್ವರ ಕಣ್ಣು ಮುಚ್ಚಿಕೊಂಡಿದ್ದ, ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಹೇಳಿ ಒಳ್ಳೆಯದು ಮಾಡಿದಿರಿ," ಎಂದು ಸ್ನೇಹಲತಾ ಹೊಸ ಮಾತ್ರೆಯ ಚೀಟಿ ಬರೆದರು.

"ಮೇಡಮ್ಮೋರೆ," ಎಂದಳು ಪ್ರೇಮಕುಮಾರಿ. "ಈ ಮಾತ್ರೆ ತಗಂಡ್ರೆ ಅದು ಇನ್ಯಾವತ್ತೂ ಬರಾಕಿಲ್ವಾ?"

ಡಾಕ್ಟರ್ ಅವಳ ಕೈ ಮೇಲೆ ಕೈಯಿಟ್ಟರು. "ತಪ್ಪದೆ ಕೊಡಿ. ಬರದ ಹಾಗೆ ನೋಡ್ಕೊಳ್ಳೋಣ. ಹೆದರಬೇಡಿ."

ಅವಳು ತಲೆಯಾಡಿಸಿದಳು. ಡಬ್ಬಿಗಳನ್ನು ಒಂದರ ಮೇಲೊಂದು ಕೂರಿಸಿ ಚಿಲಕ ಹಾಕಿದಳು. ಆಮೇಲೆ ಗಂಡನ ತೋಳು ಹಿಡಿದು, "ಎದ್ದೇಳ್ರಿ, ಊಟ ಮಾಡೀರಂತೆ," ಎಂದಳು.