ರಟ್ಟು ಕಿತ್ತ ಪುಸ್ತಕ

ಕತ್ತಿ ಅಕ್ಕ ಅಂದರೆ ಸಾಕು, ರದ್ದಿ ಗೋದಾಮಿನಲ್ಲಿ ಬೇರೆ ಹೆಸರೇ ಬೇಕಿರಲಿಲ್ಲ. ಪುಸ್ತಕದ ಬೆನ್ನಿಗೆ ಕತ್ತಿ ಹಾಕಿ ರಟ್ಟು ಕೀಳುವುದು ಅವಳ ಕೆಲಸ. ಮೇಲಿನ ಪ್ಲಾಸ್ಟಿಕ್ ಪದರ ಕಾಗದದ ಗಿರಣಿಯಲ್ಲಿ ಕರಗುವುದಿಲ್ಲವಲ್ಲ, ಅದಕ್ಕೆ. ರಟ್ಟಿನ ಜೊತೆ ಮೊದಲ ಹಾಳೆಯೂ ಕಿತ್ತು ಬರುತ್ತಿತ್ತು. ಹಾಗಾಗಿ ಅವಳು ಇನ್ನೂರು ಪುಸ್ತಕ ಓದಿದ್ದಳು, ಒಂದರ ಹೆಸರೂ ಗೊತ್ತಿರಲಿಲ್ಲ, ಬರೆದವರು ಯಾರೆಂದೂ ಗೊತ್ತಿರಲಿಲ್ಲ.

ಮತ್ತೆ ಆರಿಸುವುದು ಹೇಗೆ? ಮೂರು ಕಡೆ ತೆರೆದು ನೋಡುವಳು. ಮೂರು ಪುಟದಲ್ಲೂ ಯಾರೂ ಯಾರ ಮೇಲೂ ಕೈ ಎತ್ತದಿದ್ದರೆ ಪುಸ್ತಕ ಮನೆಗೆ ಒಯ್ಯುವ ಚೀಲಕ್ಕೆ. ಕಪಾಳಮೋಕ್ಷ ಕಂಡರೆ ಗಿರಣಿಯ ಮೂಟೆಗೆ. ಅದನ್ನು ಓದಿ ತಿಳಿಯಬೇಕಾದ ದರ್ದು ಅವಳಿಗಿರಲಿಲ್ಲ, ಮನೆಯಲ್ಲೇ ಸಿಗುತ್ತಿತ್ತು. ಮೂಟೆ ವಿಂಗಡಿಸುವ ದೊಡ್ಡಮ್ಮ ಇದಕ್ಕೆ ತದ್ವಿರುದ್ಧ, ಮೊದಲ ಪುಟದಲ್ಲೇ ಹೆಣ ಬೀಳಬೇಕು. ಹೆಣ ಬೀಳದ ಪುಸ್ತಕ ಉಪ್ಪಿಲ್ಲದ ಊಟ ಅಂತ ಅಕ್ಕನನ್ನು ಛೇಡಿಸುತ್ತಿದ್ದಳು.

ಅಕ್ಕನ ಗಂಡ ಲಾರಿ ಓಡಿಸುವವನು. ಹೊಡೆಯಲು ಅವನಿಗೆ ಕಾರಣವೇ ಬೇಕಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋ ಜಾತಿ. ಲಾರಿ ಕೆಟ್ಟರೆ ಇವಳಿಗೆ ಬೀಳುತ್ತಿತ್ತು. ಹೊಡೆತಕ್ಕಿಂತ ಅವಳನ್ನು ಸುಟ್ಟಿದ್ದು ಇನ್ನೊಂದು: ಅವಳು ಹೇಳಿದ್ದನ್ನು ಅವನು ಒಂದು ದಿನವೂ ನಂಬಲಿಲ್ಲ. ಒಂದೇ ಒಂದು ಸಲ ನನ್ನ ಮಾತು ನಂಬಲಿ, ಸಾಕು, ಅಂತ ದೊಡ್ಡಮ್ಮನ ಹತ್ತಿರ ಹೇಳಿಕೊಂಡು ಅತ್ತಿದ್ದಳು.

ಒಂದು ಶನಿವಾರ ಒಂದು ಪುಸ್ತಕದ ರಟ್ಟು ಕಿತ್ತಾಗ ಮೊದಲ ಹಾಳೆ ಕಿತ್ತು ಬರದೆ ಗಟ್ಟಿಯಾಗಿ ಉಳಿಯಿತು. ಅದರ ಮೇಲೆ ನೀಲಿ ಶಾಯಿಯಲ್ಲಿ ಯಾರೋ ಯಾರಿಗೋ ಬರೆದಿದ್ದರು: "ನನ್ನ ಜೀವವೇ, ನೀನು ಇದನ್ನು ಓದುವಾಗ ಪಕ್ಕದಲ್ಲಿ ನಾನೂ ಕೂತಿದ್ದೇನೆ ಅಂದುಕೋ. ನಿನ್ನವನು." ಅಕ್ಕ ಮೂರು ಕಡೆ ತೆರೆದು ನೋಡಲಿಲ್ಲ. ಆ ಹಾಳೆಗೇ ಮನಸೋತು ಚೀಲಕ್ಕೆ ಹಾಕಿಕೊಂಡಳು. ಅವಳಿಗೆ ಯಾರೂ ಎರಡು ಅಕ್ಷರ ಬರೆದಿರಲಿಲ್ಲ, ಪಾಪ.

ಭಾನುವಾರ ಮಧ್ಯಾಹ್ನ ಅದು ದಿಂಬಿನ ಕೆಳಗೆ ಗಂಡನ ಕೈಗೆ ಸಿಕ್ಕಿತು. ಜುಟ್ಟು ಹಿಡಿದು ಗೋಡೆಗೆ ಗುದ್ದಿಸಿದ. ಯಾರವನು ಅಂದ. ರದ್ದಿಯಲ್ಲಿ ಸಿಕ್ಕಿದ್ದು ಅಂದಳು. ಹೊಟ್ಟೆಗೆ ಒದ್ದ, ಮತ್ತೆ ಕೇಳಿದ, ಮತ್ತೆ ಅದನ್ನೇ ಹೇಳಿದಳು. ಬೆಲ್ಟು ಬಂತು, ಸ್ಟೂಲು ಬಂತು. ಪಕ್ಕದ ಮನೆಯವರು ಟಿವಿ ಜೋರು ಮಾಡಿದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತೆ, ಅವರ ಬಾಯಿಗೆ ಮಣ್ಣು ಹಾಕ. ಏಳನೇ ಸಲ ಅದನ್ನೇ ಹೇಳಿದಾಗ ಅವಳ ಬಲಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದ. ಎರಡು ಬೆರಳು ಮುರಿದವು.

ಸೋಮವಾರ ಬೆಳಿಗ್ಗೆ ಆ ಪುಸ್ತಕ ಹಿಡಿದು, ಅವಳನ್ನು ದರದರ ಎಳೆದುಕೊಂಡು ಗೋದಾಮಿಗೆ ಬಂದ. ಎದುರಿಗೆ ಸಿಕ್ಕ ತಕ್ಕಡಿಯವನೇ ಆ 'ನಿನ್ನವನು' ಅಂದುಕೊಂಡು ಮುಖಕ್ಕೆ ಗುದ್ದಿದ. ಬಡಪಾಯಿಯ ಹಲ್ಲೊಂದು ಉದುರಿತು, ಅಂಗಿಯೆಲ್ಲ ರಕ್ತ.

ದೊಡ್ಡಮ್ಮ ಅವನ ಕೈಲಿದ್ದ ಪುಸ್ತಕದ ಮೊದಲ ಹಾಳೆ ಓದಿದಳು. ರಟ್ಟು ಕೀಳದ ಒಂದು ಮೂಟೆಯನ್ನು ಎಳೆದು ತಂದು ಕೊಯ್ಯುವ ಹಲಗೆಯ ಮೇಲೆ ಸುರಿದಳು. ಒಂದೊಂದರ ಮೊದಲ ಹಾಳೆ ತೆರೆದು ಅವನ ಮುಂದೆ ಇಟ್ಟಳು. ನನ್ನ ಬಂಗಾರಕ್ಕೆ. ಮುದ್ದಿನ ಮಡದಿಗೆ. ಎಂದೆಂದೂ ನಿನ್ನವಳು. ಇವರೆಲ್ಲ ನಿನ್ನ ಹೆಂಡತಿಯ ಹಿಂದೆ ಬಿದ್ದವರೇನಪ್ಪಾ ಅಂತ ಕೇಳಿದಳು.

ಅವನು ಎಡಗೈಯನ್ನು ಹಲಗೆಗೆ ಊರಿ ಹತ್ತಾರು ಹಾಳೆ ಓದಿದ. ಮುಖ ತಿಳಿಯಾಯಿತು. ನಕ್ಕೂ ಬಿಟ್ಟ.

"ಇಷ್ಟೇನಾ? ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

ಅಕ್ಕ ಅವನ ಮುಖ ನೋಡಿದಳು. ಆಮೇಲೆ ಹಲಗೆಯ ಮೇಲಿದ್ದ ಅವನ ಕೈ ನೋಡಿದಳು. ಬಲಗೈ ಬಾತಿತ್ತು, ಎಡಗೈಯಲ್ಲಿ ಕತ್ತಿ ತೆಗೆದುಕೊಂಡು, ರಟ್ಟಿಗೆ ಹಾಕುವ ಹಾಗೆಯೇ ಮೈಭಾರ ಬಿಟ್ಟು ಒತ್ತಿದಳು. ಕತ್ತಿ ಅಂಗೈ ದಾಟಿ ಮರಕ್ಕೆ ನಾಟಿತು. ಅವನ ಅರಚಾಟ ಬೀದಿಯ ತುದಿಗೂ ಕೇಳಿತು.

"ಏಳು ಸಲ ಹೇಳಿದ್ದೆ" ಅಂದಳು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡ ಪೇದೆ ಒಳ್ಳೆಯವನು. ಅವಳ ಬೆರಳು ನೋಡಿ ಕರಗಿ, 'ಕೋಪದ ಭರದಲ್ಲಿ, ಏನು ಮಾಡುತ್ತಿದ್ದೇನೆಂದು ತಿಳಿಯದೆ ಚುಚ್ಚಿದೆ' ಅಂತ ತಾನಾಗಿಯೇ ಸೇರಿಸಿದ್ದ. ಅಕ್ಕ ಸಹಿ ಹಾಕುವ ಮುಂಚೆ ಪೂರ್ತಿ ಓದಿದಳು. ಆ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಹೊಡೆದುಹಾಕಿ ಅಂದಳು. ಅದಿದ್ದರೆ ಶಿಕ್ಷೆ ಕಡಿಮೆ ಆಗುತ್ತದಮ್ಮಾ ಅಂತ ಅವನು ಬಿಡಿಸಿ ಹೇಳಿದ.

"ತಿಳಿದೇ ಚುಚ್ಚಿದ್ದು ಸಾರ್. ಕತ್ತಿ ಹಿಡಿದದ್ದು ಎಡಗೈಯಲ್ಲಿ, ಗುರಿ ತಪ್ಪಬಾರದು ಅಂತ ನೋಡಿಕೊಂಡೇ ಚುಚ್ಚಿದೆ. ನಾನು ಹೇಳಿದ್ದನ್ನೇ ಬರೀರಿ."

ಅವನು ಆ ಸಾಲು ಹೊಡೆದು, ಅವಳು ಹೇಳಿದ್ದನ್ನೇ ಬರೆದ. ಅವಳು ಮೊದಲಿಂದ ಇನ್ನೊಮ್ಮೆ ಓದಿದಳು. ಆಮೇಲೆ ಎಡಗೈಯಲ್ಲಿ, ನಿಧಾನವಾಗಿ, ಸಹಿ ಹಾಕಿದಳು.