ಮಾವನ ಮನೆಯ ಮಿರ್ಚಿ ಮತ್ತು ನನ್ನ ಸಣ್ಣ ಕ್ಲಾರಿನೆಟ್

ಬೆಟಗೇರಿಯ ನಮ್ಮ ಬ್ಯಾಂಡಿನಲ್ಲಿ ಸಣ್ಣ ಕ್ಲಾರಿನೆಟ್ ಊದುವವನು ನಾನೊಬ್ಬನೇ. ದೊಡ್ಡ ಕ್ಲಾರಿನೆಟ್ಟಿನವರು ಮೂವರಿದ್ದಾರೆ; ಒಬ್ಬ ತಪ್ಪಿದರೆ ಇನ್ನಿಬ್ಬರು ಮುಚ್ಚಿಹಾಕುತ್ತಾರೆ. ನನಗೆ ಆ ಭಾಗ್ಯವಿಲ್ಲ. ಮೊಳದುದ್ದದ ನನ್ನ ವಾದ್ಯ ಎಲ್ಲರಿಗಿಂತ ಮೇಲಿನ ಸ್ವರದಲ್ಲಿ ಕೂಗುತ್ತದೆ, ಅದರ ತಪ್ಪು ಮುಳಗುಂದ ನಾಕಾದವರೆಗೂ ಕೇಳುತ್ತದೆ.

ನನ್ನ ಕಾಯಿಲೆ ಒಂದೇ, ಊದುತ್ತ ಊದುತ್ತ ಶ್ರುತಿ ಏರುವುದು. ಎಲ್ಲರೂ ಒಂದು ಕಡೆ, ನಾನು ಕೂದಲೆಳೆಯಷ್ಟು ಮೇಲೆ. ಬ್ಯಾಂಡ್ ಮಾಸ್ತರರು ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಹಾಕಿಕೊಂಡ ಮೇಲಂತೂ ನನ್ನ ಮಾನ ಉಳಿಯಲಿಲ್ಲ. ನಾನು ಊದಿದೊಡನೆ ಅದರ ಮುಳ್ಳು ಬಲಕ್ಕೆ ಓಡಿ ಕೆಂಪಾಗುತ್ತಿತ್ತು. ಮಾಸ್ತರರು ಅದನ್ನು ಎಲ್ಲರಿಗೂ ತೋರಿಸುತ್ತಿದ್ದರು, ಕಂಚಿನ ತಟ್ಟೆಗಳ ಝಾಂಜ್ ಬಡಿಯುವವನಿಗೂ.

“ತುಟಿ ಸಡ್ಲ ಬಿಡೋ. ನೀ ಅದನ್ನ ಊದಾಕತ್ತಿಯೋ, ಕಡ್ಯಾಕತ್ತಿಯೋ?” ಎನ್ನುತ್ತಿದ್ದರು.

ಸಡಿಲ ಬಿಟ್ಟರೆ ಸ್ವರವೇ ಕೆಳಗೆ ಬಿದ್ದೀತೆಂದು ನನಗೆ ಹೆದರಿಕೆ. ಹೆದರಿದಷ್ಟೂ ಬಾಯಿ ಬಿಗಿಯಾಗಿ ಸ್ವರ ಇನ್ನೂ ಮೇಲೇರುತ್ತಿತ್ತು.

ಹೀಗಿರುವಾಗ ಶಿರಹಟ್ಟಿಯಲ್ಲಿ ನನ್ನ ಹೆಂಡತಿಯ ತಮ್ಮನ ಮದುವೆ ಬಂತು. ಬ್ಯಾಂಡ್ ನಮ್ಮದೇ. ಮಾಸ್ತರರು ನನ್ನನ್ನು ಬದಿಗೆ ಕರೆದು, “ಅಲ್ಲೆ ಏರಿದಿ ಅಂದ್ರ ಮರುದಿನದಿಂದ ನಿನ್ನ ಕೈಯಾಗ ಝಾಂಜ್. ಸಣ್ಣದನ್ನ ಬ್ಯಾರೇವ್ರಿಗೆ ಕೊಡ್ತೀನಿ” ಎಂದರು. ಝಾಂಜ್ ಕೀಳೆಂದಲ್ಲ. ಆದರೆ ದಿನವಿಡೀ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳಿಂದ ಬೈಸಿಕೊಳ್ಳುವ ನನಗೆ ಸಂಜೆಯ ಸುಖವೆಂದರೆ ಆ ಕ್ಲಾರಿನೆಟ್ಟೊಂದೇ.

ಮನೆಯ ಅಳಿಯ ಮಂಟಪದ ಸೋಫಾದಲ್ಲಿ ಕೂರಬೇಕು. ನಾನು ಕೆಂಪು ಕೋಟು, ಜರಿಯ ಗೊಂಡೆ ಹಾಕಿಕೊಂಡು ಬೀದಿಯಲ್ಲಿ ನಿಂತಿದ್ದೆ. ಮಾವನವರಿಗೆ ಅದನ್ನು ನೋಡಲಾಗಲಿಲ್ಲವೇನೋ, ಮೆರವಣಿಗೆ ಹೊರಡುವ ಮೊದಲು ಬಿಸಿಬಿಸಿ ಮಿರ್ಚಿ ಭಜಿಯ ತಟ್ಟೆ ಹಿಡಿದು ಬಂದರು.

“ಊದಾಕ ಶಕ್ತಿ ಬೇಕಲ್ರಿ ಅಳಿಯಂದ್ರ. ತಗೋರಿ.”

ಊದುವ ಮುನ್ನ ಖಾರ ತಿನ್ನಬಾರದೆಂಬುದು ನಮ್ಮ ಬ್ಯಾಂಡಿನ ಕಟ್ಟಳೆ. ಮಾವ ಕೊಟ್ಟ ಮಿರ್ಚಿ ಬೇಡವೆನ್ನಬಾರದೆಂಬುದು ನಮ್ಮ ಸೀಮೆಯ ಕಟ್ಟಳೆ. ಒಂದು ತಿಂದೆ. ಅವರು ಇನ್ನೊಂದು ಹಾಕಿದರು, ಮತ್ತೂ ಹಾಕಿದರು. ಕೊನೆಯದರಲ್ಲಿದ್ದ ಮೆಣಸಿನಕಾಯಿ ಯಾರ ಮೇಲಿನ ಸಿಟ್ಟನ್ನೋ ನನ್ನ ಮೇಲೆ ತೀರಿಸಿಕೊಂಡಿತು.

ಅಷ್ಟರಲ್ಲಿ ಮಾಸ್ತರರು ಕೈ ಎತ್ತಿದರು. ಕ್ಲಾರಿನೆಟ್ಟನ್ನು ಬಾಯಿಗಿಟ್ಟರೆ ತುಟಿಗೆ ಬೆಂಕಿ ತಾಗಿದ ಹಾಗಾಯಿತು. ಕಚ್ಚುವುದಿರಲಿ, ಮುಟ್ಟಿಸುವುದೇ ಕಷ್ಟ. ಝಾಂಜ್ ಖಾತ್ರಿ ಎಂದುಕೊಂಡು, ಸುಮ್ಮನೆ ತುಟಿಯ ಮೇಲೆ ಇಟ್ಟುಕೊಂಡು ಊದಿದೆ. ಕಣ್ಣಲ್ಲಿ ಧಾರಾಕಾರ ನೀರು.

“ಅಳಿಯಂದ್ರು ಎಷ್ಟ ಮನಸಿಟ್ಟು ಊದಾಕತ್ತಾರ ನೋಡ್ರಿ” ಎಂದಳು ಪಕ್ಕದಲ್ಲಿ ನಡೆಯುತ್ತಿದ್ದ ಮುದುಕಿಯೊಬ್ಬಳು.

ಸ್ವಲ್ಪ ದೂರ ಹೋದ ಮೇಲೆ ನನ್ನ ದನಿ ನನಗೇ ಕೇಳಿಸುತ್ತಿಲ್ಲವೆಂದು ಗೊತ್ತಾಗಿ ಗಾಬರಿಯಾಯಿತು. ಊದುವುದನ್ನು ನಿಲ್ಲಿಸಿ ನೋಡಿದೆ, ಹಾಡು ಬೋಳುಬೋಳಾಯಿತು. ಮತ್ತೆ ಊದಿದೆ, ತುಂಬಿಕೊಂಡಿತು. ನನ್ನ ಸ್ವರ ದೊಡ್ಡ ಕ್ಲಾರಿನೆಟ್ಟುಗಳ ಜೊತೆ ಒಂದಾಗಿ, ದುಂಡಗೆ, ಅವುಗಳ ನೆತ್ತಿಯ ಮೇಲೆಯೇ ಕುಳಿತಿತ್ತು. ಮಾಸ್ತರರು ಮೊಬೈಲ್ ತೆಗೆದು ನೋಡಿದರು. ಯಾರಿಗೂ ತೋರಿಸದೆ ಕಿಸೆಗೆ ಹಾಕಿಕೊಂಡರು.

ಮೆರವಣಿಗೆ ಮುಗಿದಾಗ, “ಇವತ್ತ ನಿನ್ನ ದನಿ ಎಲ್ಲಾರ್ ಕೂಡ ಕೂಡ್ತು. ಸಣ್ಣದು ನಿನ್ನ ಕಡೇನ ಇರ್ಲಿ” ಎಂದರು. ನಾನು ಕ್ಲಾರಿನೆಟ್ಟನ್ನು ಎದೆಗೊತ್ತಿಕೊಂಡು ನಿಂತಿರುವಾಗ ಹೆಂಡತಿ ಮುಖ ಊದಿಸಿಕೊಂಡು ಬಂದಳು.

“ನಮ್ಮನಿಯವ್ರು ಊದ್ತಾರ, ಕೇಳ್ರಿ ಅಂತ ತವರಮನಿ ಮಂದೀನೆಲ್ಲಾ ಬೀದಿಗೆ ತಂದು ನಿಲ್ಸಿದ್ನಿ. ಎಲ್ಲಾರದೂ ಕೇಳ್ತು, ನಿಮ್ಮದೊಂದ ಕೇಳಲಿಲ್ಲಲ್ರಿ.”

ನನ್ನ ಊದುವಿಕೆಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇವತ್ತಿನವರೆಗೂ ಸಿಕ್ಕಿಲ್ಲ. ಅದನ್ನು ಅವಳಿಗೆ ಬಿಡಿಸಿ ಹೇಳೋಣವೆಂದರೆ ಬಾಯಿ ಇನ್ನೂ ಉರಿಯುತ್ತಿತ್ತು. ಸುಮ್ಮನೆ ನಕ್ಕೆ. ಅವಳಿಗೆ ಇನ್ನಷ್ಟು ಸಿಟ್ಟು ಬಂತು.