ದೊಡ್ಡಪ್ಪನ ಜೀವಕೋಶಗಳು

ಮೊನ್ನೆ ನಮ್ಮ ದಾಸವಾಳದ ಗಿಡಕ್ಕೆ ರೋಗ ತಗುಲಿದೆಯೆಂದು ದೇವರಾಜ ಮಾರುಕಟ್ಟೆಯ ಹಿಂದಿನ ಅಂಗಡಿಯೊಂದರಲ್ಲಿ ಮೈಲುತುತ್ತ ಕೇಳಿದೆ. ಅಂಗಡಿಯವರು ಕಾಗದದ ಮೇಲೆ ಸುರಿದ ನೀಲಿ ಹರಳುಗಳನ್ನು ನೋಡುತ್ತ ಅಲ್ಲೇ ನಿಂತುಬಿಟ್ಟೆ. ನಿಮಗೆ ಮಲ್ಲಿಗೆ ಕಂಡರೆ ಯಾರೋ ನೆನಪಾಗಬಹುದು. ನನಗೆ ಮೈಲುತುತ್ತ ಕಂಡರೆ ದೊಡ್ಡಪ್ಪ ನೆನಪಾಗುತ್ತಾರೆ.

ಐವತ್ತರ ದಶಕದ ಕೊನೆಯ ಮಾತು. ಅಪ್ಪನಿಗೆ ಊರೂರಿಗೆ ವರ್ಗವಾಗುತ್ತಿತ್ತು. ಹಾಗಾಗಿ ನಾನು ದೇವರಾಜ ಮೊಹಲ್ಲಾದ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ಸೌಜನ್ಯ. ಜೀವಶಾಸ್ತ್ರದಲ್ಲಿ ಆಗಲೇ ಒಮ್ಮೆ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ಓದು ಬಿಡಿಸಿ ಮದುವೆ ಮಾಡುವುದೆಂದು ದೊಡ್ಡಪ್ಪ ತೀರ್ಮಾನಿಸಿದ್ದರು. ತೀರ್ಮಾನಿಸಿದವರೇ ಪಾಠ ಒಪ್ಪಿಸಿಕೊಳ್ಳುವ ಕೆಲಸವನ್ನೂ ವಹಿಸಿಕೊಂಡರು. ಅರಮನೆ ಕಚೇರಿಯಿಂದ ನಿವೃತ್ತರಾದ ಮೇಲೆ ಅವರ ಕೈಕೆಳಗೆ ಉಳಿದಿದ್ದವಳು ನಾನೊಬ್ಬಳೇ.

"ಸೆಲ್ ಅಂದ್ರೇನು? ಮೊದಲಿಂದ ಹೇಳು," ಎಂದು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚುವರು. ನಾನು ಪೊರೆ, ನ್ಯೂಕ್ಲಿಯಸ್, ಮೈಟೋಕಾಂಡ್ರಿಯಾ ಎಂದು ಒದರುವೆ.

"ಗೊತ್ತಾಯ್ತು ಬುಡು. ನ್ಯೂಕ್ಲಿಯಸ್ ಅಂದ್ರೆ ಮಹಾಸ್ವಾಮಿಯೋರು. ಪೊರೆ ಅಂದ್ರೆ ಬಾಗಿಲ ಕಾವಲು. ಮೈಟೋಕಾಂಡ್ರಿಯಾ ಅಡುಗೆಮನೆ. ಗುಮಾಸ್ತರು ಎಲ್ಲಿ ಕೂತ್ಕೋತಾರೆ?"

"ಗುಮಾಸ್ತರು ಇಲ್ಲ ದೊಡ್ಡಪ್ಪ."

"ಹಾಗಾದ್ರೆ ಅದು ನಡೆಯೋದು ಹೇಗೆ ಕಣೇ?"

ಈ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. ಒಂದೊಂದು ಅಧ್ಯಾಯ ಮುಗಿದಾಗಲೂ ಅವರು, ಮಿದುಳಿಗೆ ಗ್ಲೂಕೋಸ್ ಬೇಕೆಂದು ನನ್ನ ಪುಸ್ತಕವನ್ನೇ ಸಾಕ್ಷಿಗೆ ಕರೆದು, ಮೈಸೂರುಪಾಕು ತರಿಸುವರು. ಓದಿದವಳಿಗೆ ಒಂದು ತುಂಡು, ಕೇಳಿದವರಿಗೆ ಉಳಿದದ್ದು.

ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತು. ಸಕ್ಕರೆಯ ಅಂಶ ಪತ್ತೆಮಾಡುವ ಬೆನೆಡಿಕ್ಟ್ ದ್ರಾವಣ ನನಗೆ ಕಾಲೇಜಿನಲ್ಲಿ ಯಾವಾಗಲೂ ಕೈಕೊಡುತ್ತಿತ್ತು. ಅಧ್ಯಾಪಕಿಯನ್ನು ಕಾಡಿ ಸಣ್ಣ ಬಾಟಲಿಯಲ್ಲಿ ಅದನ್ನು ಮನೆಗೆ ತಂದೆ. ಮೈಲುತುತ್ತದಿಂದ ಮಾಡುವ ನೀಲಿ ನೀರು. ಗ್ಲೂಕೋಸ್ ಸೇರಿಸಿ ಕುದಿಸಿದರೆ ಇಟ್ಟಿಗೆಯ ಬಣ್ಣಕ್ಕೆ ತಿರುಗಬೇಕು. ಹಿತ್ತಿಲಲ್ಲಿ ಸ್ಪಿರಿಟ್ ದೀಪ ಹಚ್ಚಿದೆ. ದೊಡ್ಡಪ್ಪ ಅಡುಗೆಮನೆಯ ಸಕ್ಕರೆಯನ್ನೇ ಕರಗಿಸಿ ಕೊಟ್ಟರು. ನೀರು ನೀಲಿಯಾಗಿಯೇ ಉಳಿಯಿತು. ಮನೆಯ ಸಕ್ಕರೆಗೆ ಈ ಗುಣವಿಲ್ಲವೆಂದು ನಾನು ವಿವರಿಸಿದೆ.

"ಸಕ್ಕರೆಗೇ ಸಕ್ಕರೆ ಅನ್ನದಿದ್ರೆ ಅದೆಂಥ ಶಾಸ್ತ್ರ?" ಎಂದು ಅವರು ಹೊಟ್ಟೆ ಕುಲುಕಿಸಿ ನಕ್ಕರು. ಪುಸ್ತಕದ ಮುಂದಿನ ಸಾಲು ಅವರೇ ಓದಿದರು: ಆರೋಗ್ಯವಂತರ ಮೂತ್ರದಲ್ಲಿ ಸಕ್ಕರೆ ಕಾಣಿಸುವುದಿಲ್ಲ. "ಆರೋಗ್ಯವಂತರು ಬೇಕೇನು?" ಎಂದು ಎದ್ದು ಬಚ್ಚಲಿಗೆ ಹೋದರು. ದೊಡ್ಡಮ್ಮ ಮುಖ ಅತ್ತ ತಿರುಗಿಸಿಕೊಂಡು ಒಂದು ಶೀಶೆ ತಂದಿಟ್ಟಳು. "ಇವರಿಗೆ ಬುದ್ಧಿ ನೆಟ್ಟಗಿಲ್ಲ ಕಣಮ್ಮ. ನಿನಗೂ ಇಲ್ಲ."

ಕುದಿಸಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಅಚ್ಚುಕಟ್ಟಾದ ಇಟ್ಟಿಗೆಯ ಬಣ್ಣ ತಳದಲ್ಲಿ ನಿಂತಿತು. ಪುಸ್ತಕದ ಚಿತ್ರದಲ್ಲೂ ಅಷ್ಟು ಚೆನ್ನಾಗಿರಲಿಲ್ಲ. ನನ್ನ ಜೀವಮಾನದಲ್ಲೇ ಮೊದಲ ಸಲ ಒಂದು ಪ್ರಯೋಗ ಸರಿಯಾಗಿ ಬಂದಿತ್ತು. ಅದು ತಪ್ಪಾಗಿರಲಪ್ಪ ದೇವರೇ ಎಂದು ಬೇಡಿಕೊಂಡೆ.

"ಏನೋ ಹೆಚ್ಚುಕಮ್ಮಿ ಮಾಡ್ಬುಟ್ಟಿದೀಯ," ಎಂದರು ದೊಡ್ಡಪ್ಪ. "ಸುಮ್ಮನೆ ಫೇಲಾದ್ಯಾ ನೀನು?"

ಶೀಶೆಯನ್ನು ತೊಳೆದು ನನ್ನದನ್ನೇ ಪರೀಕ್ಷಿಸಿದೆ. ನೀಲಿ, ಕಡುನೀಲಿ. ದೊಡ್ಡಪ್ಪ ಎರಡು ಗಾಜಿನ ನಳಿಕೆಗಳನ್ನೂ ಬಿಸಿಲಿಗೆ ಹಿಡಿದು ನೋಡಿ, ಒಳಗೆ ಹೋಗಿ ಕೋಟು ಹಾಕಿಕೊಂಡರು. ಡಾಕ್ಟರ ಬಳಿಗೆ ಹೋಗುವುದಕ್ಕೂ ಕೋಟು ಬೇಕಿತ್ತು ಅವರಿಗೆ.

ಸಿಹಿಮೂತ್ರವೇ ಎಂದಾಯಿತು. ಮೈಸೂರುಪಾಕು ನಿಂತಿತು; ರಾಗಿಮುದ್ದೆ ತಟ್ಟೆಗೆ ಬಂತು. ಒಂದು ವಾರ ಅವರು ಪಾಠ ಒಪ್ಪಿಸಲು ನನ್ನನ್ನು ಕರೆಯಲಿಲ್ಲ. ಒಂದು ಸಂಜೆ ತಾವಾಗಿ ಕರೆದು, "ಆ ಪೊರೆ ಪಾಠ ಇನ್ನೊಂದ್ಸಲ ಹೇಳು," ಎಂದರು.

ರಕ್ತದಲ್ಲಿ ಸಕ್ಕರೆ ಇದ್ದರೂ ಜೀವಕೋಶ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಇನ್ಸುಲಿನ್ ಬಂದು ಹೇಳಬೇಕು ಎಂದೆ.

"ಶಿಫಾರಸು ಬೇಕು ಅನ್ನು," ಎಂದರು. ತಮ್ಮ ಕಚೇರಿಯ ಪದ್ಧತಿ ದೇಹದಲ್ಲೂ ಸಿಕ್ಕಿದ್ದರಿಂದ ಕೊಂಚ ಗೆಲುವಾದಂತಿತ್ತು. ಅಂದಿನಿಂದ ಅವರು ಕೇಳಿದ ಪ್ರಶ್ನೆಗಳು ಯಾವ ಪರೀಕ್ಷಕರಿಗೂ ಹೊಳೆಯುವಂಥವಲ್ಲ. ಉತ್ತರ ಹುಡುಕಿ ಹುಡುಕಿ ನನಗೆ ವಿಷಯ ಅರ್ಥವಾಗತೊಡಗಿತು. ಆ ನಡುವೆ ಒಬ್ಬರು ಗಂಡಿನ ಜಾತಕ ತಂದರು. "ಈಗಾಗಲ್ಲ ಕಣ್ರೀ. ನನ್ನ ಪಾಠ ಮುಗಿದಿಲ್ಲ," ಎಂದು ದೊಡ್ಡಪ್ಪ ಅವರನ್ನು ಕಾಫಿ ಕೊಟ್ಟು ಕಳಿಸಿದರು.

ನಾನು ಪಾಸಾದೆ. ಮುಂದೆ ಅದೇ ಪಾಠವನ್ನು ಹೆಣ್ಣುಮಕ್ಕಳಿಗೆ ಹೇಳಿಕೊಟ್ಟೇ ನಿವೃತ್ತಳಾದೆ. ದೊಡ್ಡಪ್ಪ ಬಹಳ ವರ್ಷ ಇದ್ದರು. ಹಿತ್ತಿಲಿನ ಆ ಪ್ರಯೋಗದ ಫಲಿತಾಂಶ ತಪ್ಪೆಂದು ಕೊನೆಯವರೆಗೂ ಸಾಧಿಸುತ್ತ, ಮುದ್ದೆಯನ್ನು ಮಾತ್ರ ತಪ್ಪಿಸದೆ.

ಮಾರುಕಟ್ಟೆಯಿಂದ ಮನೆಗೆ ಬರುವ ದಾರಿಯಲ್ಲೇ ಡಾಕ್ಟರರನ್ನೂ ಕಂಡೆ. ನನ್ನ ರಕ್ತ ಪರೀಕ್ಷೆಗೆ ಹೋಗಿತ್ತು. ಆಕೆ ಹೊಸಬಳು, ಚಿಕ್ಕ ಹುಡುಗಿ. ವರದಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮಾತು ಹುಡುಕುತ್ತಿದ್ದಳು.

ನಾನು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡೆ. "ಹೇಳಮ್ಮ," ಎಂದೆ, "ನೀನು ಸರಿಯಾಗೇ ನೋಡಿರ್ತೀಯ."